ನಾದವೋ, ಗದ್ದಲವೋ?

ಕನ್ನಡ ಬೈಬಲಿನಲ್ಲಿ ಯೆರಿಕೋ ಎಂದೂ ಇಂಗ್ಲಿಷಿನಲ್ಲಿ ಜೆರಿಕೊ ಎಂದೂ ಹೆಸರಾದ ಪುರಾತನ ನಗರವೊಂದರ ಕಥೆಯನ್ನು ಹಲವರು ಕೇಳಿರಬಹುದು. ಯೆಹೋಶುವನ ಸೇನೆ ಆರು ದಿನ, ದಿನಕ್ಕೊಂದು ಸಲ, ಆ ನಗರವನ್ನು ಸುತ್ತಿತು. ಏಳನೆಯ ದಿನ ಏಳು ಸಲ ಸುತ್ತಿ, ಯಾಜಕರು ಕೊಂಬುಗಳನ್ನು ಊದಿ, ಜನರೆಲ್ಲ ಒಮ್ಮೆಗೇ ಆರ್ಭಟಿಸಲು, ಕೋಟೆಯ ಗೋಡೆಗಳು ಕುಸಿದು ಬಿದ್ದುವು.

ಈ ಕಥೆಯನ್ನು ಭೌತವಿಜ್ಞಾನದ ವಿದ್ಯಾರ್ಥಿ ಓದಿದರೆ ಅವನ ಕೈ ತಾನಾಗಿ ಲೆಕ್ಕದ ಪುಸ್ತಕದತ್ತ ಹೋಗುತ್ತದೆ. ಕಿವಿಗೆ ನೋವುಂಟುಮಾಡುವಷ್ಟು ಜೋರಾದ, 120 ಡೆಸಿಬೆಲ್ ಮಟ್ಟದ ಶಬ್ದ ಗಾಳಿಯಲ್ಲಿ ಉಂಟುಮಾಡುವ ಒತ್ತಡದ ಏರಿಳಿತ ಸುಮಾರು 20 ಪಾಸ್ಕಲ್ ಮಾತ್ರ. ವಾಯುಮಂಡಲದ ಒತ್ತಡವೋ ಸುಮಾರು 1,01,000 ಪಾಸ್ಕಲ್. ಅಂದರೆ ಆ ಭಯಂಕರ ಶಬ್ದ ಗಾಳಿಯ ಒತ್ತಡದ ಐದು ಸಾವಿರದಲ್ಲಿ ಒಂದು ಪಾಲು! ಒಂದು ಚದರ ಮೀಟರ್ ಗೋಡೆಯ ಮೇಲೆ ಅದು ಹೇರುವ ಬಲ 20 ನ್ಯೂಟನ್. ಇದು ಎರಡು ಕಿಲೋಗ್ರಾಮಿನ ಕಲ್ಲಿನ ತೂಕಕ್ಕೆ ಸಮ. ನಾವು ಬರಿಯ ಅಂಗೈಯಿಂದ ಗೋಡೆಯನ್ನು ನೂಕಿದರೂ ಇದಕ್ಕಿಂತ ಹೆಚ್ಚು ಬಲ ಬಿದ್ದೀತು. ನಾದದಿಂದ ಕಲ್ಲಿನ ಕೋಟೆ ಬೀಳಲಾರದು.

ಆದರೂ 1985ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ನಾಲ್ವರು ತರುಣರು ತಮ್ಮ ಪ್ರಥಮ ಪೂರ್ಣಪ್ರಮಾಣದ ಧ್ವನಿಮುದ್ರಿಕೆಗೆ ‘ವಾಲ್ಸ್ ಆಫ್ ಜೆರಿಕೊ’, ಎಂದರೆ ‘ಜೆರಿಕೊ ನಗರದ ಗೋಡೆಗಳು’ ಎಂದೇ ಹೆಸರಿಟ್ಟರು. ಆ ತಂಡದ ಹೆಸರು ಹೆಲೋವೀನ್. ಮುಂದೆ ‘ಪವರ್ ಮೆಟಲ್’ ಎಂದು ಪ್ರಸಿದ್ಧವಾದ ಸಂಗೀತಪ್ರಕಾರಕ್ಕೆ ಇದನ್ನು ಮೂಲ ತಂಡಗಳಲ್ಲಿ ಒಂದೆಂದು ಗಣಿಸುತ್ತಾರೆ. ಮಿಂಚಿನ ವೇಗ, ಎರಡು ಗಿಟಾರುಗಳ ಜೋಡಿ ನುಡಿತ, ತಾರಸ್ಥಾಯಿಯ ಗಾಯನ, ಗುಡುಗಿನಂಥ ಡ್ರಮ್ಮುಗಳು ಇವು ಈ ಸಂಗೀತದ ಲಕ್ಷಣಗಳು. ಮೊದಲ ಸಲ ಕೇಳುವವರು ಇದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವ ಮೊದಲು ಒಂದು ಪ್ರಶ್ನೆಯನ್ನು ವಿಚಾರಿಸೋಣ: ನಾದಕ್ಕೂ ಗದ್ದಲಕ್ಕೂ ಇರುವ ಭೇದವೇನು? ಒಂದು ತಂಡ ತನ್ನ ಮೊದಲ ಮುದ್ರಿಕೆಯನ್ನು ಸಿದ್ಧಪಡಿಸುವಾಗ ಆ ಭೇದವನ್ನು ಎಲ್ಲೆಲ್ಲಿ ಎದುರಿಸಬೇಕಾಗುತ್ತದೆ?

ತಂಡ ಕೂಡಿದ ಬಗೆ

ಕಾಯ್ ಹಾನ್ಸೆನ್ 1963ರಲ್ಲಿ ಹುಟ್ಟಿದವನು. ಹದಿಹರೆಯದಲ್ಲಿಯೇ ಗೆಳೆಯರೊಡನೆ ತಂಡ ಕಟ್ಟಿ ಗಿಟಾರು ನುಡಿಸುತ್ತಿದ್ದನು. ಹೆಸರುಗಳು ಬದಲಾದುವು, ಜೊತೆಗಾರರು ಬಂದುಹೋದರು. ಕೊನೆಗೆ 1984ರಲ್ಲಿ ಹಾನ್ಸೆನ್, ಇನ್ನೊಬ್ಬ ಗಿಟಾರುವಾದಕ ಮೈಕೇಲ್ ವೈಕಾಟ್, ಬಾಸ್ ಗಿಟಾರಿನ ಮಾರ್ಕುಸ್ ಗ್ರೋಸ್‌ಕಾಪ್ಫ್, ಡ್ರಮ್ಮುಗಳ ಇಂಗೊ ಶ್ವಿಖ್ಟೆನ್‌ಬೆರ್ಗ್ ಈ ನಾಲ್ವರು ಒಟ್ಟುಗೂಡಿದರು. ಪಾಶ್ಚಾತ್ಯರು ಅಕ್ಟೋಬರ್ 31ರಂದು ಕುಂಬಳಕಾಯಿ ಕೊರೆದು ದೀಪವಿಟ್ಟು ಆಚರಿಸುವ ‘ಹ್ಯಾಲೋವೀನ್’ ಹಬ್ಬದ ಹೆಸರನ್ನೂ ‘ಹೆಲ್’, ಅಂದರೆ ನರಕ, ಎಂಬ ಮಾತನ್ನೂ ಬೆಸೆದು ‘ಹೆಲೋವೀನ್’ ಎಂದು ಹೆಸರಿಟ್ಟುಕೊಂಡರು. ಕುಂಬಳಕಾಯಿಯೇ ತಂಡದ ಲಾಂಛನವಾಯಿತು. ತಂಡದಲ್ಲಿ ಪ್ರತ್ಯೇಕ ಗಾಯಕನಿರಲಿಲ್ಲ. ಗಿಟಾರಿನ ಜೊತೆಗೆ ಗಾಯನದ ಹೊಣೆಯನ್ನೂ ಹಾನ್ಸೆನ್ನನೇ ಹೊತ್ತನು. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯಲ್ಲಿ ಇದಕ್ಕೆ ಮರಳುತ್ತೇವೆ.

ಆಗ ಪಶ್ಚಿಮ ಬರ್ಲಿನ್ನಿನಲ್ಲಿ ಹೊಸದಾಗಿ ಹುಟ್ಟಿದ್ದ ಮುದ್ರಿಕಾ ಸಂಸ್ಥೆಯೊಂದು ಇವರನ್ನು ಕರೆಯಿತು. ಸಂಸ್ಥೆಯ ಹೆಸರೇ ‘ನಾಯ್ಸ್’, ಎಂದರೆ ಗದ್ದಲ! 1984ರಲ್ಲಿ ಹಲವು ತಂಡಗಳ ಹಾಡುಗಳನ್ನು ಕೂಡಿಸಿದ ಒಂದು ಸಂಕಲನದಲ್ಲಿ ಇವರ ಎರಡು ಹಾಡುಗಳು ಹೊರಬಂದುವು. 1985ರಲ್ಲಿ ಐದು ಹಾಡುಗಳ ಕಿರುಮುದ್ರಿಕೆ ಬಂದಿತು. ಅದೇ ವರ್ಷ ಬರ್ಲಿನ್ನಿನ ‘ಮ್ಯೂಸಿಕ್‌ಲ್ಯಾಬ್’ ಎಂಬ ಧ್ವನಿಮುದ್ರಣಾಲಯದಲ್ಲಿ, ಹ್ಯಾರಿಸ್ ಜಾನ್ಸ್ ಎಂಬ ತಜ್ಞನ ಮೇಲ್ವಿಚಾರಣೆಯಲ್ಲಿ, ‘ವಾಲ್ಸ್ ಆಫ್ ಜೆರಿಕೊ’ ಮುದ್ರಿತವಾಯಿತು. ಆ ನಗರವನ್ನು ಆಗ ನಿಜವಾದ ಗೋಡೆಯೊಂದು ಸುತ್ತುವರಿದಿತ್ತು. 1961ರಲ್ಲಿ ಎದ್ದ ಬರ್ಲಿನ್ ಗೋಡೆಯ ದ್ವಾರಗಳು ತೆರೆದದ್ದು 1989ರ ನವೆಂಬರ್ 9ರಂದು. ಹ್ಯಾಂಬರ್ಗಿನಿಂದ ರಸ್ತೆಯಲ್ಲಿ ಹೊರಟವರು ಪೂರ್ವ ಜರ್ಮನಿಯ ನೆಲವನ್ನು ದಾಟಿಯೇ ಪಶ್ಚಿಮ ಬರ್ಲಿನ್ನನ್ನು ಸೇರಬೇಕಿತ್ತು.

ತಂತಿಯಿಂದ ವಿದ್ಯುತ್ತಿಗೆ

ಎಳೆದು ಕಟ್ಟಿದ ತಂತಿಯನ್ನು ಮೀಟಿದರೆ ಅದು ಕಂಪಿಸುತ್ತದೆ. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಎಣಿಕೆಯೇ ಕಂಪನಸಂಖ್ಯೆ. ತಂತಿ ಉದ್ದವಾದಷ್ಟೂ ಭಾರವಾದಷ್ಟೂ ಕಂಪನಸಂಖ್ಯೆ ಇಳಿಯುತ್ತದೆ, ಬಿಗಿಯಾದಷ್ಟೂ ಏರುತ್ತದೆ. ಗಿಟಾರಿನ ಆರು ತಂತಿಗಳಲ್ಲಿ ಅತಿ ದಪ್ಪನೆಯದು, ರೂಢಿಯ ಶ್ರುತಿಯಲ್ಲಿ, ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದರ ಪಕ್ಕದ್ದು 110 ಸಲ. ಬಾಸ್ ಗಿಟಾರಿನ ದಪ್ಪ ತಂತಿಯದು ಸುಮಾರು 41 ಕಂಪನ.

ತಂತಿ ತನ್ನ ಪೂರ್ಣ ಉದ್ದದಲ್ಲಿ ಕಂಪಿಸುತ್ತಿರುವಾಗಲೇ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳಾಗಿಯೂ ಕಂಪಿಸುತ್ತದೆ. ಆದುದರಿಂದ 110ರ ಜೊತೆಗೆ 220, 330, 440 ಮುಂತಾದ ಕಂಪನಗಳೂ ಹುಟ್ಟುತ್ತವೆ. ಇವುಗಳಿಗೆ ಉಪಸ್ವರಗಳೆಂದು ಹೆಸರು. ಮೂಲ ಸ್ವರದ ಕಂಪನಸಂಖ್ಯೆಯನ್ನು ಪೂರ್ಣಾಂಕಗಳಿಂದ ಗುಣಿಸಿದರೆ ಬರುವ ಈ ಶಿಸ್ತಿನ ಸಾಲೇ ನಾದದ ಗುರುತು. ಇಂಥ ಕ್ರಮವಿಲ್ಲದೆ ಎಲ್ಲ ಕಂಪನಗಳೂ ಕಲಸಿಹೋದರೆ ಅದು ಗದ್ದಲ. ಶಬ್ದ ದೊಡ್ಡದೋ ಚಿಕ್ಕದೋ ಎಂಬುದಕ್ಕೂ ಈ ಭೇದಕ್ಕೂ ಸಂಬಂಧವಿಲ್ಲ. ಒಣಗಿದ ಎಲೆಯ ಮರ್ಮರ ಮೆಲ್ಲನೆಯದಾದರೂ ವಿಜ್ಞಾನದ ಭಾಷೆಯಲ್ಲಿ ಗದ್ದಲವೇ; ದೇವಸ್ಥಾನದ ನಾಗಸ್ವರ ಎಷ್ಟು ಜೋರಾದರೂ ನಾದವೇ.

ವಿದ್ಯುತ್ ಗಿಟಾರಿನಲ್ಲಿ ತಂತಿಯ ಕೆಳಗೆ ಸಣ್ಣ ಅಯಸ್ಕಾಂತಗಳೂ ಅವುಗಳನ್ನು ಸುತ್ತಿದ ನವುರಾದ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚು ಕಡಿಮೆಯಾಗುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಶಿವನಸಮುದ್ರದ ವಿದ್ಯುಜ್ಜನಕವೂ ಗಿಟಾರಿನ ಈ ಸುರುಳಿಯೂ ತತ್ತ್ವದಲ್ಲಿ ಒಂದೇ ವಂಶದವು.

ಆದರೆ ಸುರುಳಿಗೆ ಒಂದು ದೌರ್ಬಲ್ಯವಿದೆ. ಗೋಡೆಯ ವಿದ್ಯುತ್ ತಂತಿಗಳಲ್ಲಿ ಸೆಕೆಂಡಿಗೆ 50 ಆವರ್ತನಗಳಂತೆ ಹರಿಯುವ ಪ್ರವಾಹವೂ ಅದರಲ್ಲಿ ತನ್ನ ‘ಹುಂ’ ಎಂಬ ದನಿಯನ್ನು ಪ್ರೇರಿಸುತ್ತದೆ. ಇದಕ್ಕೆ ಅಮೆರಿಕದ ಸೆತ್ ಲವರ್ ಎಂಬ ತಂತ್ರಜ್ಞ 1955ರಲ್ಲಿ ಒಂದು ಉಪಾಯ ಮಾಡಿದನು. ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳನ್ನೂ ತಲೆಕೆಳಗಾದ ಧ್ರುವಗಳ ಅಯಸ್ಕಾಂತವನ್ನೂ ಬಳಸಿದನು. ಹೊರಗಿನಿಂದ ಬಂದ ‘ಹುಂ’ಕಾರ ಎರಡು ಸುರುಳಿಗಳಲ್ಲಿ ಎದುರುಬದುರಾಗಿ ಅಳಿಸಿಹೋಗುತ್ತದೆ, ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡಿ ಬಲವಾಗುತ್ತದೆ. ದನಿಯನ್ನು ಸಾವಿರಾರು ಪಟ್ಟು ಹಿಗ್ಗಿಸುವ ಈ ಸಂಗೀತಕ್ಕೆ ಇದು ದೊಡ್ಡ ಉಪಕಾರ. ಏಕೆಂದರೆ ನಾದದೊಡನೆ ದೋಷವೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ತಲೆಕತ್ತರಿಸಿದ ಅಲೆ

ಸುರುಳಿಯ ದುರ್ಬಲ ವಿದ್ಯುತ್ತನ್ನು ವರ್ಧಕಕ್ಕೆ ಕೊಡುತ್ತೇವೆ. ಪ್ರತಿ ವರ್ಧಕಕ್ಕೂ ಒಂದು ಮಿತಿಯುಂಟು. ಆ ಮಿತಿಯೊಳಗೆ ಅದು ಅಲೆಯನ್ನು ಆಕಾರ ಕೆಡಿಸದೆ ದೊಡ್ಡದು ಮಾಡುತ್ತದೆ. ಮಿತಿಯನ್ನು ಮೀರಿಸಿದರೆ ಅಲೆಯ ಶಿಖರಗಳೂ ಕಣಿವೆಗಳೂ ಕತ್ತರಿಸಿ ಹೋಗುತ್ತವೆ. ಎತ್ತರದ ಬಾಗಿಲಲ್ಲಿ ನೆಟ್ಟಗೆ ನಡೆದುಹೋದವನು ತಗ್ಗಿನ ಬಾಗಿಲಲ್ಲಿ ತಲೆ ಬಗ್ಗಿಸಬೇಕಾಗುವಂತೆ ಎನ್ನಬಹುದು. ದುಂಡಗಿನ ಅಲೆ ಚೌಕಾಕಾರಕ್ಕೆ ಸಮೀಪಿಸುತ್ತದೆ.

ರೇಡಿಯೋ ಕಟ್ಟುವವರಿಗೆ ಇದು ದೋಷ. ಮೆಟಲ್ ಗಿಟಾರುವಾದಕನಿಗೆ ಇದೇ ಬೇಕಾದ ಗುಣ. ಚೌಕದ ಅಲೆಯನ್ನು ಗಣಿತರೀತ್ಯಾ ಬಿಡಿಸಿದರೆ, ಮೂಲ ಕಂಪನದ ಜೊತೆಗೆ ಅದರ ಮೂರರಷ್ಟು, ಐದರಷ್ಟು, ಏಳರಷ್ಟು ಕಂಪನಗಳು ಕ್ರಮವಾಗಿ ಮೂರನೆಯ ಒಂದು, ಐದನೆಯ ಒಂದು, ಏಳನೆಯ ಒಂದು ಪಾಲಿನ ವಿಸ್ತಾರದಲ್ಲಿ ದೊರೆಯುತ್ತವೆ. ಅಂದರೆ ಕತ್ತರಿಸಿದ ಅಲೆಯಲ್ಲಿ ಹೊಸ ಉಪಸ್ವರಗಳು ಹುಟ್ಟಿದುವು. ದನಿ ಒರಟಾಯಿತು, ಆದರೆ ಗದ್ದಲವಾಗಲಿಲ್ಲ. ಪೂರ್ಣಾಂಕಗಳ ಶಿಸ್ತು ಹಾಗೆಯೇ ಉಳಿದಿದೆ.

ಈ ಮಾತು ಒಂದೇ ಸ್ವರ ನುಡಿದಾಗ ಸತ್ಯ. ಒಂದೇ ವರ್ಧಕದಲ್ಲಿ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಏನಾಗುತ್ತದೆ? ಆಗ ಅವೆರಡರ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸಮನಾದ ಹೊಸ ಕಂಪನಗಳೂ ಹುಟ್ಟುತ್ತವೆ. 110 ಮತ್ತು 165 ಕಂಪನಗಳ ಎರಡು ಸ್ವರಗಳನ್ನು ತೆಗೆದುಕೊಳ್ಳೋಣ. ಇವುಗಳ ಪ್ರಮಾಣ 2ಕ್ಕೆ 3. ನಮ್ಮ ಷಡ್ಜ ಪಂಚಮಗಳ ಸಂಬಂಧವೂ ಇದೇ. ತಂಬೂರಿಯ ಶ್ರುತಿಯಲ್ಲಿ ಇದನ್ನು ನಾವು ದಿನವೂ ಕೇಳುತ್ತೇವೆ. ಇವೆರಡರ ವ್ಯತ್ಯಾಸ 55, ಮೊತ್ತ 275. ಎಲ್ಲವೂ 55ರ ಗುಣಕಗಳೇ! ಆದುದರಿಂದ ಹೊಸ ಕಂಪನಗಳು ಒಂದಕ್ಕೊಂದು ಹೊಂದಿಕೊಂಡು, ಮೂಲ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಗಂಭೀರನಾದವೊಂದು ಕೇಳಿಬರುತ್ತದೆ. ಮೆಟಲ್ ಸಂಗೀತಗಾರರು ‘ಪವರ್ ಕಾರ್ಡ್’ ಎಂದು ಕರೆಯುವುದು ಈ ಸ ಪ ಜೋಡಿಯನ್ನೇ.

ಎರಡು ಗಿಟಾರುಗಳು ಏಕೆ?

ಈಗ ಮೇಲಿನ ಸ್ಥಾಯಿಯಲ್ಲಿ ಬೇರೊಂದು ಜೋಡಿಯನ್ನು ಪರೀಕ್ಷಿಸೋಣ. ಷಡ್ಜದೊಡನೆ ಅಂತರಗಾಂಧಾರ ಬಂದರೆ ಕಿವಿಗೆ ಮಧುರ. ಗಿಟಾರಿನ ಮೆಟ್ಟಿಲುಗಳ ಮೇಲೆ ಇವುಗಳ ಕಂಪನಸಂಖ್ಯೆ 440 ಮತ್ತು ಸುಮಾರು 554 ಎಂದಿಟ್ಟುಕೊಳ್ಳಿ. ವ್ಯತ್ಯಾಸ 114. ಈ ಸ್ವರಗಳಿಗೆ ಆಧಾರವಾಗಿ ಬಾಸ್ ಗಿಟಾರು 110ರಲ್ಲಿ ನುಡಿಯುತ್ತಿದ್ದರೆ, 110 ಮತ್ತು 114 ಎಂಬ ಎರಡು ನೆರೆಯ ಕಂಪನಗಳು ಸೆಕೆಂಡಿಗೆ ನಾಲ್ಕು ಸಲ ಏರಿ ಇಳಿದು ಗುರುಗುಟ್ಟುತ್ತವೆ. ಪಠ್ಯಪುಸ್ತಕದಲ್ಲಿ ವಿಸ್ಪಂದವೆಂದು ಓದಿದ ಪರಿಣಾಮವೇ ಇದು. ತಲೆಕತ್ತರಿಸುವ ವರ್ಧಕದಲ್ಲಿ ಇಂಥ ಬೇಡದ ಸಂತಾನ ಇನ್ನೂ ಎಷ್ಟೋ ಹುಟ್ಟಿ ಮಾಧುರ್ಯ ಕೆಡುತ್ತದೆ.

ಹಾಗಾದರೆ ಒರಟುದನಿಯೂ ಬೇಕು, ಗಾಂಧಾರದ ಮಾಧುರ್ಯವೂ ಬೇಕು ಎಂದರೆ ಏನು ಮಾಡಬೇಕು? ಉತ್ತರ ಸರಳ: ಎರಡು ಸ್ವರಗಳನ್ನು ಇಬ್ಬರು ಹಂಚಿಕೊಳ್ಳಬೇಕು. ಒಬ್ಬನು 440ನ್ನು ತನ್ನ ಗಿಟಾರಿನಲ್ಲಿ, ತನ್ನದೇ ವರ್ಧಕದಲ್ಲಿ ನುಡಿಸಲಿ. ಇನ್ನೊಬ್ಬನು 554ನ್ನು ಬೇರೊಂದು ವರ್ಧಕದಲ್ಲಿ ನುಡಿಸಲಿ. ಆಗ ಎರಡು ಅಲೆಗಳೂ ಕಲೆಯುವುದು ವರ್ಧಕದಲ್ಲಲ್ಲ, ಗಾಳಿಯಲ್ಲಿ. ಗಾಳಿಯ ಸ್ವಭಾವ ಬೇರೆ. ಅಲ್ಲಿ ಅಲೆಗಳು ಸುಮ್ಮನೆ ಒಂದರ ಮೇಲೊಂದು ಕೂಡಿಕೊಂಡು, ಒಂದನ್ನೊಂದು ಕೆಡಿಸದೆ ಮುಂದುವರಿಯುತ್ತವೆ. ಕೆರೆಯಲ್ಲಿ ಎರಡು ಕಲ್ಲೆಸೆದಾಗ ಉಂಗುರದಲೆಗಳು ಒಂದನ್ನೊಂದು ದಾಟಿ ಹೋಗುವುದನ್ನು ನೋಡಿದವರಿಗೆ ಇದು ವಿದಿತ. ಕಿವಿಯೊಳಗೆ ವ್ಯತ್ಯಾಸದ ಸ್ವರ ಅತ್ಯಲ್ಪವಾಗಿ ಹುಟ್ಟುವುದಾದರೂ ವರ್ಧಕದ ಹಾವಳಿಗೆ ಹೋಲಿಸಿದರೆ ಅದು ಗಣನೆಗೆ ಬಾರದು.

ಇಂಗ್ಲೆಂಡಿನ ಜುಡಾಸ್ ಪ್ರೀಸ್ಟ್, ಐರನ್ ಮೇಡನ್ ಮೊದಲಾದ ತಂಡಗಳು ಜೋಡಿ ಗಿಟಾರುಗಳನ್ನು ಈ ಬಗೆಯಲ್ಲಿ ಮೊದಲೇ ಬಳಸಿದ್ದುವು. ಇವುಗಳಲ್ಲಿ ಎರಡನೆಯ ತಂಡ 2007ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ನುಡಿಸಿತು. ಹಾನ್ಸೆನ್ ಮತ್ತು ವೈಕಾಟ್ ಆ ಮಾರ್ಗವನ್ನು ಹಿಡಿದು ವೇಗವನ್ನು ಇನ್ನಷ್ಟು ಹೆಚ್ಚಿಸಿದರು. ಪವರ್ ಮೆಟಲ್ ತಂಡಗಳಲ್ಲಿ ಇಬ್ಬರು ಗಿಟಾರುವಾದಕರು ಇರುವುದು ಆಡಂಬರಕ್ಕಲ್ಲ. ಆ ಪದ್ಧತಿಗೆ ಭೌತವಿಜ್ಞಾನದ ಆಧಾರವಿದೆ.

ಪೆಟ್ಟುಗಳೂ ಗೋಡೆಗಳೂ

ಈ ಸಂಗೀತದಲ್ಲಿ ಡ್ರಮ್ಮುವಾದಕನು ಎರಡು ಕಾಲುಗಳಿಂದಲೂ ದೊಡ್ಡ ಡ್ರಮ್ಮನ್ನು ಬಡಿಯುತ್ತಾನೆ. ನಿಮಿಷಕ್ಕೆ 180 ತಾಳಗಳ ವೇಗ ಇಲ್ಲಿ ಅಪರೂಪವಲ್ಲ. ಪ್ರತಿ ತಾಳಕ್ಕೆ ನಾಲ್ಕು ಪೆಟ್ಟುಗಳಾದರೆ ಸೆಕೆಂಡಿಗೆ 12 ಪೆಟ್ಟು. ಒಂದೊಂದು ಕಾಲಿಗೆ ಆರು. ಸೆಕೆಂಡಿಗೆ ಸುಮಾರು 20ಕ್ಕೂ ಮೀರಿ ಪೆಟ್ಟುಗಳು ಬಂದರೆ ಅವು ಬಿಡಿಬಿಡಿಯಾಗಿ ಕೇಳದೆ ಒಂದೇ ಮಂದ್ರಸ್ವರವಾಗಿ ಬೆರೆಯತೊಡಗುತ್ತವೆ. ಎಂದರೆ ಈ ವಾದನ ಕಿವಿಯ ಗಡಿರೇಖೆಗೆ ಬಹಳ ಹತ್ತಿರದಲ್ಲಿದೆ.

ಇಲ್ಲಿ ಕೊಠಡಿಯ ಗೋಡೆಗಳು ಮಿತ್ರರಾಗಬಹುದು, ಶತ್ರುಗಳೂ ಆಗಬಹುದು. ಗೋಡೆಗಳಿಂದ ಮರಳುವ ಶಬ್ದ ಕೂಡಲೇ ಅಡಗದೆ ಸ್ವಲ್ಪ ಕಾಲ ಉಳಿಯುತ್ತದೆ; ಇದೇ ಅನುರಣನ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸೇಬಿನ್ ಎಂಬ ಪ್ರಾಧ್ಯಾಪಕನು 1890ರ ದಶಕದಲ್ಲಿ ಉಪನ್ಯಾಸಮಂದಿರವೊಂದರ ದೋಷವನ್ನು ಪರೀಕ್ಷಿಸುತ್ತ ಇದರ ನಿಯಮವನ್ನು ಕಂಡುಹಿಡಿದನು. ಕೊಠಡಿಯ ಗಾತ್ರವನ್ನು ಘನಮೀಟರುಗಳಲ್ಲಿ ಅಳೆದು 0.16ರಿಂದ ಗುಣಿಸಿ, ಗೋಡೆ ನೆಲ ಚಾವಣಿಗಳು ಒಟ್ಟು ಎಷ್ಟು ಶಬ್ದವನ್ನು ಹೀರುತ್ತವೆಯೋ ಆ ಪ್ರಮಾಣದಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ.

ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೊಠಡಿಯ ಗಾತ್ರ 90 ಘನಮೀಟರ್. ಒಳಮೈ 126 ಚದರ ಮೀಟರ್. ಬರಿಯ ಗಾರೆಯ ಗೋಡೆ ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ ಅನುರಣನ ಸುಮಾರು 3.8 ಸೆಕೆಂಡು ಉಳಿಯುತ್ತದೆ. ಅಷ್ಟರೊಳಗೆ ನಮ್ಮ ಡ್ರಮ್ಮುವಾದಕ 45 ಪೆಟ್ಟುಗಳನ್ನು ಬಾರಿಸಿರುತ್ತಾನೆ! ಎಲ್ಲವೂ ಒಂದರಲ್ಲೊಂದು ಕಲಸಿ ನಿಜವಾದ ಗದ್ದಲವೇ ಆಗುವುದು. ಅದೇ ಕೊಠಡಿಯನ್ನು ಕಂಬಳಿ, ನಾರಿನ ಹಲಗೆ ಮುಂತಾದ ವಸ್ತುಗಳಿಂದ ಹೊದಿಸಿ ನೂರಕ್ಕೆ 40 ಪಾಲು ಹೀರುವಂತೆ ಮಾಡಿದರೆ ಅನುರಣನ 0.3 ಸೆಕೆಂಡಿಗಿಂತ ಕಡಿಮೆಯಾಗುತ್ತದೆ. ಧ್ವನಿಮುದ್ರಣಾಲಯದ ಮೊದಲ ಉಪಕರಣ ಯಂತ್ರವಲ್ಲ, ಅದರ ಗೋಡೆ.

ಕಾಂತಪಟ್ಟಿಯ ಉಪಕಾರ

1985ರಲ್ಲಿ ಧ್ವನಿಮುದ್ರಣಾಲಯಗಳ ಮುಖ್ಯ ಸಾಧನ ಕಾಂತೀಯ ಪಟ್ಟಿ. ಇದು ಜರ್ಮನಿಯದೇ ಕೊಡುಗೆ. 1928ರಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಎಂಬುವನು ಕಾಗದದ ಪಟ್ಟಿಗೆ ಕಬ್ಬಿಣದ ಪುಡಿಯನ್ನು ಅಂಟಿಸಿ ಅದರ ಮೇಲೆ ಶಬ್ದವನ್ನು ದಾಖಲಿಸುವ ವಿಧಾನವನ್ನು ರೂಪಿಸಿದನು. 1935ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ‘ಮ್ಯಾಗ್ನೆಟೊಫೋನ್’ ಎಂಬ ಯಂತ್ರ ಸಾರ್ವಜನಿಕರ ಕಣ್ಣಿಗೆ ಬಿದ್ದಿತು. ನಮ್ಮ ನಾಲ್ವರು ಅದೇ ನಗರಕ್ಕೆ ಬಂದದ್ದು ಸರಿಯಾಗಿ 50 ವರ್ಷಗಳ ಬಳಿಕ.

ಮೊದಲ ಯಂತ್ರಗಳಲ್ಲಿ ಶಬ್ದ ಕೆಟ್ಟು ಕೇಳುತ್ತಿತ್ತು. ಕಾಂತಕಣಗಳು ಸಣ್ಣ ಪ್ರವಾಹಕ್ಕೆ ತಕ್ಕ ಪ್ರಮಾಣದಲ್ಲಿ ಕಾಂತತ್ವವನ್ನು ಪಡೆಯದಿರುವುದೇ ಇದಕ್ಕೆ ಕಾರಣ. 1940ರಲ್ಲಿ ವೆಬರ್ ಮತ್ತು ಬ್ರೌನ್‌ಮ್ಯೂಲ್ ಎಂಬ ತಜ್ಞರು, ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನಸಂಖ್ಯೆಯ ಪ್ರವಾಹವನ್ನೂ ಜೊತೆಗೆ ಬೆರೆಸಿದರೆ ಈ ದೋಷ ಬಹುಮಟ್ಟಿಗೆ ನೀಗುವುದೆಂದು ಕಂಡುಕೊಂಡರು. ಗಿಟಾರಿನ ವರ್ಧಕದಲ್ಲಿ ಬೇಕೆಂದೇ ಅಲೆಯನ್ನು ಕೆಡಿಸಿದೆವು. ಆ ಕೆಟ್ಟ ಅಲೆಯನ್ನು ಇನ್ನಷ್ಟು ಕೆಡದಂತೆ ಕಾಪಾಡುವುದು ಪಟ್ಟಿಯ ಕೆಲಸ.

ಆ ಕಾಲದ ದೊಡ್ಡ ಮುದ್ರಣಾಲಯಗಳಲ್ಲಿ ಸುಮಾರು ಐದು ಸೆಂಟಿಮೀಟರ್ ಅಗಲದ ಪಟ್ಟಿಯ ಮೇಲೆ 24 ಸಾಲುಗಳನ್ನು ಬೇರೆಬೇರೆಯಾಗಿ ದಾಖಲಿಸುವುದು ಸಾಮಾನ್ಯವಾಗಿತ್ತು. ಪಟ್ಟಿ ಸೆಕೆಂಡಿಗೆ 38 ಅಥವಾ 76 ಸೆಂಟಿಮೀಟರ್ ಓಡುತ್ತಿತ್ತು. ರೂಢಿಯಂತೆ ಡ್ರಮ್ಮುಗಳು ಮೊದಲು, ಬಳಿಕ ಬಾಸ್, ಅನಂತರ ಗಿಟಾರುಗಳು, ಕೊನೆಗೆ ಗಾಯನ. ಹಿಂದಿನ ಸಾಲುಗಳನ್ನು ಕೇಳುತ್ತಲೇ ಹೊಸದನ್ನು ನುಡಿಸಬೇಕು. ಇಲ್ಲೊಂದು ತೊಡಕಿದೆ. ದಾಖಲಿಸುವ ತಲೆಗೂ ಓದುವ ತಲೆಗೂ ನಡುವೆ ನಾಲ್ಕು ಸೆಂಟಿಮೀಟರ್ ಅಂತರವಿದ್ದರೆ, 76 ಸೆಂಟಿಮೀಟರ್ ವೇಗದಲ್ಲಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಗುತ್ತದೆ. ಸೆಕೆಂಡಿಗೆ 12 ಪೆಟ್ಟು ಬೀಳುವಲ್ಲಿ ಇಷ್ಟು ತಡ ಸಹಿಸಲಾಗದು. ಆದಕಾರಣ ಹಳೆಯ ಸಾಲುಗಳನ್ನು ದಾಖಲಿಸುವ ತಲೆಯಿಂದಲೇ ಓದಿಸಿ ಕೇಳಿಸುವ ಏರ್ಪಾಟನ್ನು ಮಾಡಿದ್ದರು.

ಗಿಟಾರಿನ ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಡುವುದು ಈ ಪ್ರಕಾರದಲ್ಲಿ ಪದ್ಧತಿ. ಒಮ್ಮೆ ನುಡಿಸಿದ್ದರ ಪ್ರತಿ ತೆಗೆದು ಎರಡೂ ಕಡೆ ಇಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಎರಡು ಕಿವಿಗಳಿಗೂ ಒಂದೇ ಅಲೆ ತಲಪಿದರೆ ಮನಸ್ಸು ಅದನ್ನು ನಡುವಿನಿಂದ ಬಂದ ಒಂದೇ ದನಿಯೆಂದು ತಿಳಿಯುತ್ತದೆ. ಎರಡನೆಯ ಸಲ ನುಡಿಸುವಾಗ ಬೆರಳು ಒಂದಿಷ್ಟು ಮುಂಚೆಯೋ ತಡವಾಗಿಯೋ ಬೀಳುತ್ತದೆ. ಆ ಸೂಕ್ಷ್ಮಭೇದದಿಂದಲೇ ದನಿಗೆ ಅಗಲ ಬರುತ್ತದೆ. ಯಂತ್ರದ ಪರಿಪೂರ್ಣತೆ ಕೊಡಲಾರದ ಗುಣವನ್ನು ಮನುಷ್ಯನ ಕೈಯ ಅಪೂರ್ಣತೆ ಕೊಡುತ್ತದೆ.

ಕಂಠದ ಕಷ್ಟ

ಇನ್ನು ಗಾಯನ. ಕತ್ತರಿಸಿದ ಅಲೆಯ ಗಿಟಾರುಗಳು ಸುಮಾರು 80 ಕಂಪನಗಳಿಂದ 5,000 ಕಂಪನಗಳವರೆಗೆ ಎಲ್ಲ ಜಾಗವನ್ನೂ ತುಂಬಿಬಿಡುತ್ತವೆ. ಕಂಠದ ನೆಲೆಯೂ ಅದರೊಳಗೇ. ಜೋರಾದ ತಗ್ಗುದನಿ ಮೇಲಿನ ಮೆಲುದನಿಯನ್ನು ಮರೆಮಾಡುವುದು ಕಿವಿಯ ಸ್ವಭಾವ. ಆದ್ದರಿಂದ ಗಾಯಕನು ತಾರಸ್ಥಾಯಿಗೆ ಏರುತ್ತಾನೆ. ತಜ್ಞನು ಗಿಟಾರುಗಳ ಕೆಲವು ಕಂಪನಗಳನ್ನು ತಗ್ಗಿಸಿ ಕಂಠಕ್ಕೆ ದಾರಿ ಬಿಡಿಸುತ್ತಾನೆ.

‘ವಾಲ್ಸ್ ಆಫ್ ಜೆರಿಕೊ’ ಮುದ್ರಿಕೆಯಲ್ಲಿ ಹಾನ್ಸೆನ್ ಕ್ಲಿಷ್ಟವಾದ ಗಿಟಾರನ್ನೂ ನುಡಿಸಿದನು, ಎತ್ತರದ ಶ್ರುತಿಯಲ್ಲಿ ಹಾಡಿಯೂ ಹಾಡಿದನು. ಒಂದು ಕಿರುಪೀಠಿಕೆಯ ಬಳಿಕ ಎಂಟು ಹಾಡುಗಳು. ‘ಗೋರ್ಗರ್’ ಎಂಬ ಹಾಡಿನ ನಡುವೆ ನಾರ್ವೆಯ ವಾಗ್ಗೇಯಕಾರ ಗ್ರೀಗನ ಸುಪರಿಚಿತ ಧಾಟಿಯೊಂದು ತಲೆಹಾಕುತ್ತದೆ. ಕೊನೆಯಲ್ಲಿ ವೈಕಾಟ್ ರಚಿಸಿದ ‘ಹೌ ಮೆನಿ ಟಿಯರ್ಸ್’ ಎಂಬ ಏಳು ನಿಮಿಷಗಳ ದೀರ್ಘ ರಚನೆ. ಎರಡು ಬದಿಗಳೂ ಸೇರಿ ಸುಮಾರು 40 ನಿಮಿಷ. ಕಾಂತಪಟ್ಟಿಯ ಮೇಲೆ ಈ ಇಮ್ಮಡಿ ಕೆಲಸಕ್ಕೆ ಅಡ್ಡಿಯಿರಲಿಲ್ಲ. ಪಟ್ಟಿಯ ಒಂದು ಸಾಲಿನಲ್ಲಿ ಗಿಟಾರುವಾದಕ ಹಾನ್ಸೆನ್, ಇನ್ನೊಂದರಲ್ಲಿ ಗಾಯಕ ಹಾನ್ಸೆನ್. ಇಬ್ಬರಿಗೂ ಬೇರೆ ಬೇರೆ ಹೊತ್ತು.

ಆದರೆ ರಂಗದ ಮೇಲೆ ಹೊತ್ತನ್ನು ಹೀಗೆ ಹಂಚಲಾಗುವುದಿಲ್ಲ. ಹಾಡುವವನು ಉಸಿರನ್ನು ಹಾಡಿನ ಸಾಲಿಗೆ ತಕ್ಕಂತೆ ಹಿಡಿದು ಬಿಡಬೇಕು. ಬೆರಳುಗಳು ಅದೇ ಕ್ಷಣದಲ್ಲಿ ಬೇರೊಂದು ಗತಿಯನ್ನು ಅನುಸರಿಸಬೇಕು. ಈ ಎರಡು ಹೊಣೆಗಳನ್ನು ಒಟ್ಟಿಗೆ ನಿರ್ವಹಿಸುವುದು ಹಾನ್ಸೆನ್ನನಿಗೆ ಕಷ್ಟವಾಯಿತು. ತಂಡ ಕಟ್ಟಿದವನೇ, ಮೊದಲ ಮುದ್ರಿಕೆಗೆ ಕಂಠ ಕೊಟ್ಟವನೇ, ಗಾಯಕನ ಸ್ಥಾನವನ್ನು ಬಿಟ್ಟುಕೊಡುವುದೇ ಎಂಬ ಪ್ರಶ್ನೆ ಎದುರಾಯಿತು. ಅವನು ಬಿಟ್ಟುಕೊಟ್ಟನು. 1968ರಲ್ಲಿ ಹುಟ್ಟಿದ, ಇನ್ನೂ ಹತ್ತೊಂಬತ್ತು ತುಂಬದ ಮೈಕೇಲ್ ಕಿಸ್ಕೆ ಎಂಬ ಹ್ಯಾಂಬರ್ಗಿನ ತರುಣನು ತಂಡವನ್ನು ಸೇರಿದನು. ನಾಲ್ವರಿದ್ದವರು ಐವರಾದರು. 1987 ಮತ್ತು 1988ರಲ್ಲಿ ಎರಡು ಭಾಗಗಳಾಗಿ ಬಂದ ‘ಕೀಪರ್ ಆಫ್ ದ ಸೆವೆನ್ ಕೀಸ್’ ಎಂಬ ಮುದ್ರಿಕೆಗಳು ಪವರ್ ಮೆಟಲ್‌ಗೆ ಮಾದರಿಯಾದುವು.

ಕತೆ ಅಲ್ಲಿಗೇ ಸುಖವಾಗಿ ನಿಲ್ಲಲಿಲ್ಲ. ಹಾನ್ಸೆನ್ ತಂಡವನ್ನು ತೊರೆದು ‘ಗಾಮಾ ರೇ’ ಎಂಬ ಬೇರೆ ತಂಡವನ್ನು ಕಟ್ಟಿದನು. ಕಿಸ್ಕೆಯೂ ಹೊರಟುಹೋದನು. ಇಂಗೊ ಶ್ವಿಖ್ಟೆನ್‌ಬೆರ್ಗ್ 1995ರಲ್ಲಿ, ಇನ್ನೂ ಮೂವತ್ತು ತುಂಬದಿರುವಾಗಲೇ, ತೀರಿಕೊಂಡನು. ಅವನ ಪೆಟ್ಟುಗಳು ಮಾತ್ರ ಕಬ್ಬಿಣದ ಕಣಗಳಲ್ಲಿ ಉಳಿದವು. ಹಲವು ವರ್ಷಗಳ ಅನಂತರ ಹಾನ್ಸೆನ್, ಕಿಸ್ಕೆ ಇಬ್ಬರೂ ತಂಡಕ್ಕೆ ಮರಳಿದರು. 2021ರಲ್ಲಿ ಅವರೆಲ್ಲ ಸೇರಿ ಹೊಸ ಮುದ್ರಿಕೆಯೊಂದನ್ನು ತಂದರು.

ಕಿವಿಗೊಂದು ಎಚ್ಚರಿಕೆ

ವಿದ್ಯಾರ್ಥಿಗಳು ಈ ಸಂಗೀತವನ್ನು ಕೇಳುವುದಾದರೆ ಒಂದು ಮಾತನ್ನು ಮರೆಯಬಾರದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಮಾತ್ರ. ಸತ್ತರೆ ಮತ್ತೆ ಹುಟ್ಟವು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದೆಂಬುದು ತಜ್ಞರು ಅನುಸರಿಸುವ ಒಂದು ಮಿತಿ. ಶಬ್ದದ ಶಕ್ತಿ ಪ್ರತಿ 3 ಡೆಸಿಬೆಲ್ಲಿಗೆ ಇಮ್ಮಡಿಸುವುದರಿಂದ ಈ ಕಾಲ ಅರ್ಧರ್ಧವಾಗುತ್ತ ಹೋಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಕಿವಿಯೊಳಗೆ ತೂರಿಸುವ ಕೇಳುಗೊಳವೆಗಳನ್ನು ಬಳಸುವವರು ಈ ಪಟ್ಟಿಯನ್ನು ಕಂಠಪಾಠ ಮಾಡುವುದು ಲೇಸು. ನಾದವನ್ನು ಗದ್ದಲದಿಂದ ಬೇರ್ಪಡಿಸುವ ಸೂಕ್ಷ್ಮ ಉಪಕರಣ ಇದೊಂದೇ. ಇದಕ್ಕೆ ಬದಲಿ ಭಾಗ ಅಂಗಡಿಯಲ್ಲಿ ಸಿಗದು.

ಇನ್ನು ಮೊದಲಿನ ಪ್ರಶ್ನೆ. ನಾದಕ್ಕೂ ಗದ್ದಲಕ್ಕೂ ಭೇದವಿರುವುದು ಶಬ್ದದ ಗಾತ್ರದಲ್ಲಲ್ಲ, ಕಂಪನಗಳ ಕ್ರಮದಲ್ಲಿ. ಪೂರ್ಣಾಂಕಗಳ ಸಂಬಂಧ, ಎರಡು ವರ್ಧಕಗಳ ವಿಂಗಡಣೆ, ಶಬ್ದ ಹೀರುವ ಗೋಡೆ, ಕಾಂತಪಟ್ಟಿಯ ಬೇರೆಬೇರೆ ಸಾಲುಗಳು, ಕೊನೆಗೆ ಕಂಠಕ್ಕೂ ಬೆರಳಿಗೂ ಬೇರೆ ಬೇರೆ ಮನುಷ್ಯರು ಇವೆಲ್ಲವೂ ಕಲಸಿಹೋಗಬಹುದಾದದ್ದನ್ನು ಬೇರೆಯಾಗಿ ಕಾಯ್ದುಕೊಳ್ಳುವ ಉಪಾಯಗಳೇ. ಗದ್ದಲವೆಂಬ ಹೆಸರಿನ ಸಂಸ್ಥೆಗಾಗಿ, ಗೋಡೆ ಸುತ್ತಿದ ನಗರದಲ್ಲಿ, ಆ ನಾಲ್ವರು ತರುಣರು ಕಲಿತ ಪಾಠ ಇದು. ನಾದ ಕಲ್ಲಿನ ಗೋಡೆಯನ್ನು ಕೆಡವಲಾರದೆಂದು ನಮ್ಮ ಲೆಕ್ಕ ತೋರಿಸಿದೆ. ಆದರೆ ಕೇಳದೆಯೇ ‘ಇದು ಬರಿಯ ಗದ್ದಲ’ ಎನ್ನುವವರು ತಮ್ಮ ಸುತ್ತ ಕಟ್ಟಿಕೊಂಡ ಗೋಡೆಯನ್ನು ಕೆಡವಲು 20 ನ್ಯೂಟನ್ ಬಲವೂ ಬೇಡ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರೆ ಸಾಕು.